ಹಕ್ಕಿ ಪಾಲು

ನನ್ನ ಬಾಯಿ ಕೆಟ್ಟದ್ದು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಹೇಳುವುದು ಸ್ವಲ್ಪ ಸುಲಭವಾದೀತು. ತಂಬ್ರಹಳ್ಳಿ ಕಡೆಯ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತಮೂರು ವರ್ಷವಾಯಿತು. ಅದರಲ್ಲಿ ಇಪ್ಪತ್ತೆರಡು ವರ್ಷ ನಾನೂ ನನ್ನ ಅತ್ತೆಯೂ ಜಗಳಾಡಿಕೊಂಡೇ ಬಂದೆವು. ಸಾರಿಗೆ ಉಪ್ಪು ಹೆಚ್ಚಾಯಿತು, ಒಲೆಗೆ ಕಟ್ಟಿಗೆ ಹೆಚ್ಚಾಯಿತು, ನಲ್ಲಿ ಬಂದಾಗ ಕೊಡ ಹಚ್ಚಲಿಲ್ಲ, ಕಾರಣಕ್ಕೇನು ಬರವೇ? ನಾನು ಒಂದಕ್ಕೆ ಹತ್ತು ಮಾತಾಡುವವಳು. ಅತ್ತೆ ಹತ್ತಕ್ಕೆ ಒಂದು ಮಾತಾಡುವವಳು. ಆದರೆ ಆ ಒಂದು ಮಾತು ಎಲ್ಲಿ ನಾಟಬೇಕೋ ಅಲ್ಲಿಯೇ ನಾಟುತ್ತಿತ್ತು.

ಮನೆಯಲ್ಲಿ ಇರುವವರು ಮೂರೇ ಜನ. ನಾನು, ನಮ್ಮ ಮನೆಯವರು, ಅತ್ತೆ. ಮಕ್ಕಳಿಬ್ಬರೂ ಹಡಗಲಿಯ ಹಾಸ್ಟೆಲಿನಲ್ಲಿ ಓದುತ್ತಾರೆ. ಮನೆಯವರು ಹೊಲ ನೋಡುತ್ತಾರೆ, ನಾನು ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ. ಅತ್ತೆಗೆ ಎಪ್ಪತ್ತು ದಾಟಿದೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಪೊರೆ. ಹಲ್ಲು ಎಣಿಸಿದರೆ ನಾಲ್ಕೋ ಐದೋ.

ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಬೆಳಿಗ್ಗೆ ನೀರು ಕಾಯಿಸಲು ಹಿತ್ತಲಿಗೆ ಹೋಗಿ, ಒಟ್ಟಿದ್ದ ತೊಗರಿ ಕಟ್ಟಿಗೆಯನ್ನು ಜಗ್ಗಿದೆ. ಮೇಲಿನಿಂದ ಒಂದೊಂದೇ ತೆಗೆಯಬೇಕು ಎಂದು ಅತ್ತೆ ಎಷ್ಟು ಸಲ ಹೇಳಿದ್ದಳೋ! ನಾನು ಕೇಳುವವಳೇ? ನಡುವಿನಿಂದ ಒಂದು ಹಿಡಿ ಕಟ್ಟಿಗೆ ಹಿಡಿದು ಜಗ್ಗಿಬಿಟ್ಟೆ. ಅರ್ಧ ಒಟ್ಟಲೇ ಕುಸಿಯಿತು. ಪಟಪಟ ಎಂದು ಪಾರಿವಾಳದ ಜಾತಿಯ ಒಂದು ಬೆಳವ ಹಾರಿ ಹೋಗಿ ಕರೆಂಟ್ ತಂತಿಯ ಮೇಲೆ ಕೂತಿತು. ನನ್ನ ಕಾಲ ಹತ್ತಿರ ನಾಲ್ಕು ಕಡ್ಡಿಯ ಗೂಡು, ಅದರ ಪಕ್ಕ ಎರಡು ಮರಿ. ಒಂದು ಮರಿ ಕಟ್ಟಿಗೆ ಬಡಿದು ಅಲ್ಲಿಯೇ ಸತ್ತಿತ್ತು. ಇನ್ನೊಂದು ಮೈತುಂಬ ಮುಳ್ಳಿನಂಥ ಎಳೆ ಪುಕ್ಕ ಹೊತ್ತು, ಕಣ್ಣು ಪಿಳಿಪಿಳಿ ಬಿಡುತ್ತ ಕೂತಿತ್ತು.

ಗೂಡನ್ನು ಹೇಗೋ ಸರಿಮಾಡಿ ಅದೇ ಜಾಗದಲ್ಲಿ ಇಟ್ಟೆ. ತಾಯಿ ಮಧ್ಯಾಹ್ನದವರೆಗೆ ತಂತಿಯ ಮೇಲೆ ಕೂತಿತ್ತು, ಕೆಳಗೆ ಇಳಿಯಲಿಲ್ಲ. ಊರ ಬೆಕ್ಕು ಎರಡು ಸಲ ಬಂದು ಸುತ್ತು ಹಾಕಿ ಹೋಯಿತು. ಕೊನೆಗೆ ಮರಿಯನ್ನು ಒಳಗೆ ತಂದು, ಹಳೆಯ ಮೊರದಲ್ಲಿ ಜಂಪರಿನ ಚಿಂದಿ ಬಟ್ಟೆ ಹಾಸಿ ಮಲಗಿಸಿದೆ. ಅನ್ನ ಹಾಲು ಕಲಸಿ, ಹನಿ ಹಾಕುವ ನಳಿಕೆಯಲ್ಲಿ ತುಂಬಿ ಬಾಯಿಗೆ ಹಿಡಿದರೆ ಅದು ಬಾಯಿಯನ್ನೇ ತೆರೆಯದು. ಕೊಕ್ಕು ಬಿಡಿಸಲು ಹೋದರೆ ತಲೆ ಒಗೆಯುತ್ತದೆ. ನನಗೆ ಸಿಟ್ಟು ಬಂತು. 'ಸಾಯಿ ಹಂಗಾರ!' ಅಂದೆ. ಅಂದ ಮೇಲೆ ಅಳುವೂ ಬಂತು.

ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು.

'ಅದೇನ ಗುಬ್ಬಿ ಅಂತ ಮಾಡಿಯೇನು? ಬೆಳವ ಅದು. ತಾಯಿ ಮುಂದ ಬಾಯಿ ತೆರಿಯಂಗಿಲ್ಲ. ತಾಯಿ ಬಾಯಾಗ ತಾನೇ ಕೊಕ್ಕು ಇಡತೈತಿ.'

'ನಿಮಗ ಹೆಂಗ ಗೊತ್ತು?'

'ಮಾಗಳದಾಗ ನಮ್ಮಪ್ಪನ ಮನಿ ಹಿಂದ ಹೊಳಿ ದಂಡಿಗೆ ಬರೇ ಬೆಳವ ಇದ್ವು. ಸಣ್ಣಾಕಿ ಇದ್ದಾಗ ಮೂರು ಸಾಕೀನಿ. ಜ್ವಾಳ ನೆನಿಹಾಕು. ಒಂದಿಷ್ಟು ಪುಟಾಣಿ ತಗೊಂಬಾ. ಅಗದು ಕೊಡಬೇಕು.'

'ಅಗಿರಿ ಮತ್ತ.'

ಅತ್ತೆ ಬಾಯಿ ತೆರೆದು ತೋರಿಸಿದಳು. 'ನನಗೆಲ್ಲಿ ಹಲ್ಲ ಅದಾವ? ನೀ ಅಗಿ. ಹೆಂಗೂ ದಿನಾ ನನ್ನ ಅಗಿತೀಯಲ್ಲ.'

ನಗು ತಡೆಯಲಿಕ್ಕಾಗಲಿಲ್ಲ. ನೆನೆದ ಜೋಳ, ಹುರಿಗಡಲೆಯ ಪುಟಾಣಿ ಎರಡನ್ನೂ ನುಣ್ಣಗೆ ಅಗಿದು ಅತ್ತೆಯ ಅಂಗೈಗೆ ಉಗುಳಿದೆ. ಅವಳು ಮುಷ್ಟಿಯನ್ನು ಸಡಿಲಾಗಿ ಕಟ್ಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಸಂದು ಬಿಟ್ಟು ಮರಿಯ ಮುಂದೆ ಹಿಡಿದಳು. 'ಕುಕುಕುಕು' ಎಂದು ಗಂಟಲೊಳಗೇ ಒಂದು ದನಿ ಮಾಡಿದಳು. ಮರಿ ಆ ಸಂದಿಗೆ ಕೊಕ್ಕು ತುರುಕಿತು ನೋಡಿ! ಇಡೀ ಮೈ ಅಲುಗಾಡಿಸುತ್ತ, ರೆಕ್ಕೆ ಬಡಿಯುತ್ತ, ಬೆರಳನ್ನೇ ನುಂಗುವ ಹಾಗೆ ಹೀರಿಕೊಂಡು ತಿಂದಿತು. ಗಂಟಲ ಕೆಳಗಿನ ಚೀಲ ಉಬ್ಬಿ ಮೆತ್ತಗಾಯಿತು. ಅತ್ತೆ ಅದನ್ನು ಬೆರಳಿನಿಂದ ಮುಟ್ಟಿ ನೋಡಿ, 'ಸಾಕು. ಇದು ಖಾಲಿ ಆಗೋತನಾ ಮತ್ತ ಕೊಡಬಾರದು' ಅಂದಳು.

ಅಂದಿನಿಂದ ನನ್ನ ಹಲ್ಲು, ಅವಳ ಮುಷ್ಟಿ. ದಿನಕ್ಕೆ ಐದಾರು ಸಲ. ಮಷಿನ್ ತುಳಿಯುವಾಗ ಅತ್ತೆ ಒಳಗಿನಿಂದ ಕೂಗುತ್ತಿದ್ದಳು, 'ಬಾರವ್ವ, ಅಗಿಯೋ ಹೊತ್ತಾತು!' ಜಂಪರ್ ಒಯ್ಯಲು ಬಂದ ಹೆಂಗಸರು ಮುಖ ಸಿಂಡರಿಸುತ್ತಿದ್ದರು. 'ಎಂಜಲ ತಿನಿಸ್ತೀರಿ, ಹೇಸಿಗಿ ಅನ್ಸಂಗಿಲ್ಲೇನ್ರಿ?' ಎಂದು ಒಬ್ಬಳು ಕೇಳಿದಳು. 'ನಿನ್ನ ಜಂಪರ್ ನೂಲು ಹಲ್ಲಿಲೇ ಕಡೀತೀನಿ, ಅದಕ್ಕ ಹೇಸಿಗಿ ಇಲ್ಲಲ್ಲ!' ಅಂದೆ. ಅತ್ತೆ ಒಳಗೆ ನಗುತ್ತಿದ್ದುದು ಕೇಳಿಸಿತು. ನನ್ನ ಬಾಯಿಯನ್ನು ಅವಳು ಮೆಚ್ಚಿದ್ದು ಅದೇ ಮೊದಲು.

ಹಕ್ಕಿ ಅನ್ನುವುದು ನೆಪವಾಯಿತು. ಮರಿಗೆ ಉಣಿಸುತ್ತ ಕೂತಾಗ ಅತ್ತೆ ತವರಿನ ಸುದ್ದಿ ತೆಗೆಯುತ್ತಿದ್ದಳು. ಹೊಳೆ ತುಂಬಿದಾಗ ಅಂಗಳದವರೆಗೆ ನೀರು ಬರುತ್ತಿದ್ದದ್ದು, ಹದಿನಾಲ್ಕಕ್ಕೆ ಮದುವೆ ಮಾಡಿ ನೀರಿಲ್ಲದ ಈ ಊರಿಗೆ ಕಳಿಸಿದ್ದು, ಇಲ್ಲಿಗೆ ಬಂದ ಮೊದಲ ವರ್ಷ ಕೊಡ ಹೊತ್ತು ನೆತ್ತಿಯ ಕೂದಲು ಸವೆದದ್ದು. ಇಪ್ಪತ್ತೆರಡು ವರ್ಷ ಒಂದೇ ಒಲೆಯ ಮುಂದೆ ಕೂತವಳು, ಇದೊಂದೂ ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಮೂರು ವಾರಕ್ಕೆ ಮರಿ ತಾನೇ ಕಾಳು ಹೆಕ್ಕಲು ಕಲಿಯಿತು. ಪುಕ್ಕ ತಿಳಿ ಕಂದಾಯಿತು, ಕೊರಳಿಗೆ ಕರಿ ಚುಕ್ಕೆಯ ಪಟ್ಟಿ ಬಂತು. ಒಂದು ದಿನ ಮೊರದಿಂದ ಹಾರಿ ಮಷಿನ್ ಮೇಲೆ ಕೂತಿತು. ಇನ್ನೊಂದು ದಿನ ಬಾಗಿಲಿನಿಂದಲೇ ಹೋಗಿಬಿಟ್ಟಿತು. ಆ ದಿನ ನಾವಿಬ್ಬರೂ ಸರಿಯಾಗಿ ಉಣ್ಣಲಿಲ್ಲ. ಸಂಜೆ ಬಿಸಿಲು ಇಳಿದಾಗ ಅತ್ತೆ ಕಟ್ಟೆಯ ಮೇಲೆ ಕೂತು, ಮುಷ್ಟಿ ಕಟ್ಟಿ ಚಾಚಿ, 'ಕುಕುಕುಕು' ಅಂದಳು. ಎಲ್ಲಿತ್ತೋ ಏನೋ, ಬೇವಿನ ಮರದಿಂದ ಇಳಿದು ಬಂದು ಅವಳ ಮಣಿಕಟ್ಟಿನ ಮೇಲೆಯೇ ಕೂತಿತು. ದೊಡ್ಡದಾಗಿದ್ದರೂ ಮೊದಲು ಮುಷ್ಟಿಯ ಸಂದಿಗೆ ಕೊಕ್ಕು ತುರುಕಿಯೇ ನೋಡುತ್ತಿತ್ತು. ಅಲ್ಲಿಂದ ಅದೇ ರೂಢಿಯಾಯಿತು. ದಿನವಿಡೀ ಎಲ್ಲಿಯೋ ತಿರುಗುವುದು, ಸಂಜೆ ಬಂದು ಅತ್ತೆಯ ಮುಷ್ಟಿಯಿಂದ ನಾಲ್ಕು ಕಾಳು ತಿಂದು, ಪಡಸಾಲೆಯ ಜಂತಿಯ ಮೇಲೆ ಮಲಗುವುದು. ಅತ್ತೆಯ ಮಬ್ಬು ಕಣ್ಣಿಗೆ ಅದು ದೂರದಿಂದ ಬರುವುದು ಕಾಣುತ್ತಿರಲಿಲ್ಲ, ಮಣಿಕಟ್ಟಿನ ಮೇಲೆ ಉಗುರು ಊರಿದಾಗಲೇ ಗೊತ್ತಾಗುತ್ತಿತ್ತು. ಆಗ ಅವಳ ಮುಖ ನೋಡಬೇಕಿತ್ತು.

ಮೃಗಶಿರ ಮಳೆ ಚೆನ್ನಾಗಿಯೇ ಬಿತ್ತು. ಐದಾರು ವರ್ಷದಿಂದ ನಮ್ಮ ಹೊಲಕ್ಕೆ ಬರೀ ಮೆಕ್ಕೆಜೋಳ. ಟ್ರ್ಯಾಕ್ಟರ್ ಬರುತ್ತಿತ್ತು, ಬಿತ್ತಿ ಹೋಗುತ್ತಿತ್ತು, ಅತ್ತೆ ಬೀಜ ಮುಟ್ಟಿರಲಿಲ್ಲ. ಅದಕ್ಕೂ ಮುಂಚೆ ಮನೆಯ ಬೀಜವೇ. ತೆನೆ ಆರಿಸಿ ಜಂತಿಗೆ ನೇತುಹಾಕಿ, ಬೂದಿ ಬೆರೆಸಿ ಇಡುತ್ತಿದ್ದದ್ದು. ಆ ವರ್ಷ ಅತ್ತೆ, 'ಸಜ್ಜಿ ರೊಟ್ಟಿ ತಿಂದು ಯಾವ ಕಾಲಾತು, ಒಂದು ತುಂಡು ಹೊಲಕ್ಕರ ಸಜ್ಜಿ ಹಾಕ್ರಿ' ಎಂದು ಹಟ ಹಿಡಿದಳು. ಮನೆಯಲ್ಲಿ ಬೀಜ ಎಲ್ಲಿಂದ ಬರಬೇಕು? ಮನೆಯವರು ಕೊಟ್ಟೂರಿಗೆ ಹೋಗಿ ಪಾಕೀಟು ತಂದರು. ಎತ್ತು, ಬಿತ್ತುವ ಕೂರಿಗೆ ಎರಡನ್ನೂ ಬಾಡಿಗೆಗೆ ಹೇಳಿದರು. ಬೀಜ ಬಿಡುವವಳು ಅತ್ತೆ. ಎತ್ತಿನ ಹಿಂದೆ ನಡೆಯುತ್ತ, ಉಡಿಯಲ್ಲಿನ ಬೀಜವನ್ನು ಮುಷ್ಟಿಯಿಂದ ಕೂರಿಗೆಯ ಬಟ್ಟಲಿಗೆ ಒಂದೇ ಸಮನೆ ಬಿಡುವ ಕೆಲಸ. ಅವಳ ಕೈಯಲ್ಲಿ ಸಾಲು ತಪ್ಪುವುದಿಲ್ಲ ಎಂದು ಊರೇ ಹೇಳುತ್ತದೆ. ಕಣ್ಣು ಮಬ್ಬಾದರೇನು, ಆ ಕೆಲಸಕ್ಕೆ ಬೇಕಾದದ್ದು ಬೆರಳು.

ಬಿತ್ತುವ ದಿನ ಬೆಳಿಗ್ಗೆ ನನ್ನ ತಲೆ ಕೆಟ್ಟಿತ್ತು. ಹಿಂದಿನ ದಿನ ಒಂದು ಮದುವೆಯ ಜಂಪರಿನ ತೋಳು ತಪ್ಪು ಕತ್ತರಿಸಿದ್ದೆ. ರೊಟ್ಟಿ ಎರಡು ಹೊತ್ತಿದ್ದವು. ಎತ್ತಿನವನು ಹೊತ್ತಿಗೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿದ್ದ. ನಾನು ಬುತ್ತಿ ಕಟ್ಟುತ್ತಿದ್ದೆ. ಅತ್ತೆ ಪಾಕೀಟು ಬಿಚ್ಚಿಸಿಕೊಂಡು, ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದಳು.

'ಕೆಂಪಗ ಐತಲ್ಲವ್ವ. ಏನ ಹಚ್ಯಾರ ಬೀಜಕ್ಕ?'

ನಾನು ಕೇಳದವಳಂತೆ ರೊಟ್ಟಿ ಮಡಚಿದೆ.

'ಕೈಗೆ ಹತ್ತತೈತಿ ನೋಡು. ಏನಿದು?'

'ತಡೀರಿ ಅತ್ತಿ, ಕೆಲಸದಾಗ ಅದೀನಿ.'

'ಏನ ಹಚ್ಯಾರ ಹೇಳವ್ವ ಮತ್ತ.'

'ಕುಂಕುಮ ಹಚ್ಯಾರ!' ಎಂದು ಕೂಗಿದೆ. 'ಕಂಪನಿಯಾರು ಪೂಜಿ ಮಾಡಿ ಕಳಿಸ್ಯಾರ ನಿಮಗ! ಆತಿಲ್ಲೋ?'

'ಹೌದಾ? ಚಲೋ ಆತು ಬಿಡು' ಅಂದಳು ಅತ್ತೆ.

ನನ್ನ ಕೊಂಕಿಗೆ ಕೊಂಕನ್ನೇ ಕೊಟ್ಟಳು ಅಂದುಕೊಂಡೆ. ಇನ್ನೂ ಸಿಟ್ಟು ಬಂತು. ಬೀಜಕ್ಕೆ ಹುಳ ಹತ್ತದಿರಲೆಂದು ವಿಷದ ಔಷಧ ಬೆರೆಸಿ, ಬಣ್ಣ ಹಾಕಿರುತ್ತಾರೆಂದು ನನಗೆ ಗೊತ್ತಿತ್ತು. ಪಾಕೀಟಿನ ಮೇಲೆ ಬರೆದಿತ್ತು, ನಾನು ಓದಿದ್ದೆ. ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕಿತ್ತು? ಬುತ್ತಿಯ ಗಂಟು ಬಿಗಿಯುವಷ್ಟೂ ಬೇಕಿರಲಿಲ್ಲ.

ಕೂರಿಗೆಗೆ ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಬಿತ್ತನೆ ಶುರು ಮಾಡಿದರು. ಮಧ್ಯಾಹ್ನ ಇಳಿಯುವುದರೊಳಗೆ ಮುಗಿಯಿತು. ಬಿತ್ತನೆಯ ಕೊನೆಯ ಮುಷ್ಟಿಯನ್ನು ನಮ್ಮ ಮನೆಯಲ್ಲಿ ಕೂರಿಗೆಗೆ ಬಿಡುವುದಿಲ್ಲ. ಅದು ಹಕ್ಕಿ ಪಾಲು. ಬೀಜ ಬಿಟ್ಟವರು ಬದುವಿನ ಮೇಲೆ ನಿಂತು ಅದನ್ನು ಚೆಲ್ಲಬೇಕು. ಅತ್ತೆ ಯಾವಾಗಿನ ಹಾಗೆ ಕಣ್ಣು ಮುಚ್ಚಿ, 'ನಿಮ್ಮ ಪಾಲು ನೀವು ತಗೊಳ್ರಿ, ನಮ್ಮ ಪಾಲು ನಮಗ ಬಿಡ್ರಿ' ಎಂದು ಹೇಳಿ ಚೆಲ್ಲಿದಳು. ನಾನು ಆಗ ಹೊಲದ ಆ ತುದಿಯಲ್ಲಿ, ಮೂಲೆಗೆ ಹಾಕಲು ತಂದಿದ್ದ ತೊಗರಿ ಊರುತ್ತಿದ್ದೆ. ಅವಳು ಕೈ ಎತ್ತಿದ್ದು ದೂರದಿಂದ ಕಂಡಿತು. ಅರ್ಧ ಮಾತ್ರ ಚೆಲ್ಲಿ ಇನ್ನರ್ಧ ಸೆರಗಿಗೆ ಗಂಟು ಹಾಕಿದ್ದು ಕಾಣಲಿಲ್ಲ. ಮನೆಯವರು ಅವಳನ್ನು ಗಾಡಿಯ ಮೇಲೆ ಮನೆಗೆ ಬಿಟ್ಟು, ಎತ್ತಿನವನಿಗೆ ಬಾಡಿಗೆ ಕೊಡಲು ಹೋದರು. ನಾನು ಉಳಿದ ತೊಗರಿ ಊರಿ, ನಡೆದುಕೊಂಡು ಬಂದೆ.

ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಹಕ್ಕಿ.

'ಯಾಕೋ ಮಂಕಾಗೈತಿ ನೋಡವ್ವ' ಅಂದಳು. 'ಈಗಷ್ಟ ತಿಂತು. ಆಮ್ಯಾಲೆ ಕಕ್ಕಿಕೊಂತು.'

ಅದರ ರೆಕ್ಕೆ ಎರಡೂ ಕೆಳಗೆ ಬಿದ್ದಿದ್ದವು. ಕೊರಳು ಒಂದು ಕಡೆಗೆ ತಿರುಚಿಕೊಳ್ಳುತ್ತಿತ್ತು. ಕಕ್ಕಿದ ಕಾಳು ಸೀರೆಯ ಮೇಲೆ ಕೆಂಪಗೆ ಬಿದ್ದಿತ್ತು. ಅತ್ತೆಯ ಬಲ ಅಂಗೈಯೂ ಕೆಂಪಗಿತ್ತು.

'ಅತ್ತಿ, ಏನ ಕೊಟ್ರಿ?'

'ಬ್ಯಾರೆ ಏನಿಲ್ಲವ್ವ, ಹಕ್ಕಿ ಪಾಲು. ಹೊಲದಾಗಿನ ಹಕ್ಕಿಗೆ ಹಾಕಿ ಮನಿ ಹಕ್ಕಿಗೆ ಹಾಕದಿದ್ರ ಹೆಂಗ? ಪೂಜಿ ಮಾಡಿದ್ದಂತ ನೀ ಹೇಳಿದೆಲ್ಲ.'

ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ! ಒಳಗೆ ಓಡಿ ನೀರು ತಂದೆ, ಹನಿ ಹನಿ ಬಿಟ್ಟೆ. ಮಜ್ಜಿಗೆ ತಂದೆ. ಬೊಮ್ಮನಹಳ್ಳಿಯಲ್ಲಿ ದನಕರುಗಳಿಗೆ ಔಷಧ ಕೊಡುವ ಪರಿಚಯದವರೊಬ್ಬರಿಗೆ ಫೋನ್ ಹಚ್ಚಿದೆ. 'ಸಣ್ಣ ಜೀವ, ಉಳಿಯೋದು ಕಷ್ಟ, ನೀರು ಕೊಡ್ತಾ ಇರ್ರಿ' ಅಂದರು. ನನ್ನ ಓಡಾಟ ನೋಡಿಯೇ ಅತ್ತೆಗೆ ತಿಳಿದಿತ್ತು. ಕೆಂಪು ಕೈಯನ್ನು ಸೀರೆಗೆ ಗಸಗಸ ಒರೆಸಿಕೊಂಡಳು, ಕೊಡದ ನೀರಿನಿಂದ ತೊಳೆದಳು, ಮತ್ತೆ ಒರೆಸಿಕೊಂಡಳು. ಆಮೇಲೆ ಆ ಕೈಯನ್ನೇ ಮುಷ್ಟಿ ಮಾಡಿ ಹಕ್ಕಿಯ ಮುಂದೆ ಹಿಡಿದಳು. ಒಳಗೆ ಏನೂ ಇರಲಿಲ್ಲ, ಬರೀ ಮುಷ್ಟಿ. 'ಕುಕುಕುಕು' ಅಂದಳು. ಹಕ್ಕಿ ತಲೆ ಎತ್ತಲಾರದೆ ಎತ್ತಿ, ಮರಿಯಾಗಿದ್ದಾಗ ಮಾಡುತ್ತಿದ್ದ ಹಾಗೆಯೇ ಬೆರಳ ಸಂದಿಗೆ ಕೊಕ್ಕು ಇಟ್ಟಿತು. ಹಾಗೆ ಇಟ್ಟುಕೊಂಡೇ ಹೋಯಿತು. ಇನ್ನೂ ಹೊತ್ತು ಮುಳುಗಿರಲಿಲ್ಲ.

ಮನೆಯವರು ಬಂದು ನೋಡಿ ಅವ್ವನ ಮೇಲೆ ಹರಿಹಾಯ್ದರು. ಬಿತ್ತುವ ದಿನ ಮನೆಯಲ್ಲಿ ಸಾವು ಎಂಬ ಕಿರಿಕಿರಿ ಬೇರೆ.

'ಬುದ್ಧಿ ಐತೇನು ಯವ್ವಾ ನಿನಗ? ಔಷಧ ಹಚ್ಚಿದ ಬೀಜ ಅದು! ಸಣ್ಣ ಹುಡುಗರಿಗೂ ಗೊತ್ತಾಗತೈತಿ. ಇಷ್ಟು ವರ್ಸ ಒಕ್ಕಲುತನ ಮಾಡೀ, ಅಷ್ಟೂ ತಿಳಿಯಂಗಿಲ್ಲೇನು?'

ಅತ್ತೆ ತಲೆ ಎತ್ತಿ ನನ್ನ ಕಡೆ ನೋಡಿದಳು. ಒಂದೇ ಸಲ. ನಾನು ಒಲೆಯ ಕಡೆ ಮುಖ ತಿರುಗಿಸಿದೆ. ಹತ್ತು ಊರಿಗೆ ಕೇಳುವ ಹಾಗೆ ಮಾತಾಡುವವಳು, ಆ ಹೊತ್ತು ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ.

'ನನಗ ತಿಳೀಲಿಲ್ಲಪ್ಪ' ಅಂದಳು ಅತ್ತೆ. ಅಷ್ಟೇ.

ಹಕ್ಕಿಯನ್ನು ಬೇವಿನ ಬುಡದಲ್ಲಿ ಮಣ್ಣು ಮಾಡಿದೆವು. ಮರುದಿನ ಬೆಳಕು ಹರಿಯುತ್ತಲೇ ನಾನು ಒಬ್ಬಳೇ ಹೊಲಕ್ಕೆ ಹೋಗಿ, ಬದುವಿನ ಮೇಲೆ ಚೆಲ್ಲಿದ್ದ ಕಾಳನ್ನು ಕೈಯಿಂದ ಹೆಕ್ಕಿ, ಸಿಗದಿದ್ದ ಕಡೆ ಮಣ್ಣು ಎಳೆದು ಬಂದೆ. ಆಚೆಯ ಜಾಲಿಗಿಡಗಳ ಬುಡ ನೋಡುವ ಧೈರ್ಯ ಬರಲಿಲ್ಲ.

ಆಮೇಲೆ ಮನೆಯಲ್ಲಿ ಜಗಳ ನಿಂತುಹೋಯಿತು. ನಿಲ್ಲಲಿ ಎಂದು ಎಷ್ಟೋ ವರ್ಷ ಬೇಡಿಕೊಂಡಿದ್ದೆ, ನಿಂತದ್ದು ಹೀಗೆ. ಅತ್ತೆ ನನ್ನನ್ನು ಎಲ್ಲದಕ್ಕೂ ಕೇಳತೊಡಗಿದಳು. ಕರುವಿಗೆ ತೌಡು ಇಡುವ ಮುಂಚೆ, 'ಇದನ್ನ ಇಡಲೇನವ್ವ?' ನಾಯಿಗೆ ತಂಗಳು ರೊಟ್ಟಿ ಹಾಕುವ ಮುಂಚೆ, 'ಇದನ್ನ ಹಾಕಲೇನು?' ಕುರಿ, ದನ, ಮಕ್ಕಳು, ಮೊಮ್ಮಕ್ಕಳು ಎಲ್ಲರನ್ನೂ ಸಾಕಿದ ಹೆಂಗಸು! ನೂರು ಸಲ ನಿಜ ಹೇಳಬೇಕೆಂದು ಹೋಗಿದ್ದೇನೆ. ಅವಳ ಮುಂದೆ ನಿಂತು, 'ಚಾ ಕುಡೀತೀರೇನ್ರಿ?' ಎಂದು ಕೇಳಿ ವಾಪಸು ಬಂದಿದ್ದೇನೆ. ಓಣಿಯ ಹೆಂಗಸರು 'ಹಕ್ಕಿ ಸಾಕಿ ತಾನೇ ಕೊಂದ ಮುದುಕಿ' ಎಂದು ನಗೆಯಾಡಿದಾಗಲೂ ನಾನು ಮಷಿನ್ ತುಳಿಯುತ್ತಿದ್ದೆ. ಸಂಜೆ ಹೊತ್ತು ಅತ್ತೆ ಕಟ್ಟೆಗೆ ಬರುವುದನ್ನೇ ಬಿಟ್ಟಳು.

ಈ ವರ್ಷವೂ ಮಳೆಯಾಯಿತು. ಸಜ್ಜೆಯ ರೊಟ್ಟಿ ಎಲ್ಲರಿಗೂ ಹಿಡಿಸಿತ್ತು, ಮನೆಯವರು ಮತ್ತೆ ಅದೇ ಪಾಕೀಟು ತಂದರು. ಅತ್ತೆ ಬರುವುದಿಲ್ಲ ಅನ್ನಬಹುದೆಂದುಕೊಂಡಿದ್ದೆ. ಬಂದಳು. ಹೊಲದಲ್ಲಿ ಎತ್ತು ಹೂಡುವವರೆಗೆ ನಾವಿಬ್ಬರೂ ಬದುವಿನ ಮೇಲೆ ನಿಂತಿದ್ದೆವು. ಉಡಿಗೆ ಸುರಿದುಕೊಂಡ ಬೀಜದಿಂದ ಅವಳು ಒಂದು ಮುಷ್ಟಿ ತೆಗೆದು, ನನ್ನ ಮುಖದ ಹತ್ತಿರ ಹಿಡಿದಳು.

'ನೋಡವ್ವ. ಈ ವರ್ಸ ಏನ ಹಚ್ಯಾರ?'

ಚುಚ್ಚಲು ಕೇಳಿದ್ದಲ್ಲ. ಅವಳ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುತ್ತಿದ್ದಳು.

'ಔಷಧ ಐತ್ರಿ ಅತ್ತಿ. ವಿಷ.'

'ಹಂಗಾರ ಹಕ್ಕಿಗೆ ಹಾಕಬಾರದು, ಅಲ್ಲೇನು?'

ನಾನು ಬದುವಿನ ಮೇಲೆ ಕೂತು ಅತ್ತುಬಿಟ್ಟೆ. 'ಹೋದ ವರ್ಸಾನೂ ವಿಷಾನೇ ಇತ್ರಿ. ನನಗ ಗೊತ್ತಿತ್ತು. ಸಿಟ್ಟಿನ್ಯಾಗ ಕುಂಕುಮ ಅಂದೆ. ಅವರು ನಿಮಗ ಬೈಯುವಾಗ ಸುಮ್ನ ನಿಂತೆ. ಕೊಂದಾಕಿ ನಾನು, ನೀವಲ್ಲ.'

'ಗೊತ್ತೈತಿ' ಅಂದಳು ಅತ್ತೆ. 'ಅವತ್ತ ಗೊತ್ತಾತು.'

'ಮತ್ತ ನಿಮ್ಮ ಮಗನ ಮುಂದ ಯಾಕ ಹೇಳಲಿಲ್ಲ?'

ಅವಳು ಬೀಜವನ್ನು ಬೆರಳಲ್ಲಿ ಹೊರಳಿಸಿದಳು.

'ನೀ ಬೈತೀ ಅಂತ ಗೊತ್ತಿತ್ತವ್ವ. ಇಪ್ಪತ್ತೆರಡು ವರ್ಸ ಬೈದೀ. ಸುಳ್ಳ ಒಂದು ಸಲಾನೂ ಹೇಳಿದ್ದಿಲ್ಲ. ಅದಕ್ಕ ನಂಬಿದೆ.'

ಅಷ್ಟರಲ್ಲಿ ಮನೆಯವರು ಎತ್ತು ಹೂಡಿ ಕೂಗಿದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕೂರಿಗೆಯ ಹಿಂದೆ ಹೋದಳು. ನಾನು ಕಣ್ಣು ಒರೆಸಿಕೊಂಡು ತೊಗರಿ ಊರಲು ಆ ತುದಿಗೆ ನಡೆದೆ. ಸಾಲು ಎಲ್ಲಿಯೂ ತಪ್ಪಲಿಲ್ಲ. ಮಧ್ಯಾಹ್ನ ಕೊನೆಯ ಸುತ್ತಿನಲ್ಲಿ ನಾನು ಕೆಲಸ ಬಿಟ್ಟು ನೋಡುತ್ತಿದ್ದೆ. ಅತ್ತೆ ಕೊನೆಯ ಮುಷ್ಟಿಯನ್ನೂ ಕೂರಿಗೆಯ ಬಟ್ಟಲಿಗೇ ಬಿಟ್ಟಳು. ಆಮೇಲೆ ಬದುವಿನ ಮೇಲೆ ಹತ್ತಿ, ಹಕ್ಕಿ ಪಾಲು ಚೆಲ್ಲುವ ಜಾಗದಲ್ಲಿಯೇ ನಿಂತು, ಕೆಂಪಾದ ಬರಿಗೈಯನ್ನು ಮುಂದೆ ಚಾಚಿ ಬಿಚ್ಚಿದಳು. ಅದರಲ್ಲಿ ಏನೂ ಇರಲಿಲ್ಲ. ಜಾಲಿಗಿಡದಲ್ಲಿ ಯಾವುದೋ ಬೆಳವ ಕೂಗುತ್ತಿತ್ತು.